ಹಿಂದಿನ ಸೀಟಿನ ತೂಕ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುವ ಪ್ರಶ್ನೆ ಒಂದಿದೆ: “ಇದೇನ್ರೀ ಇದು, ಬಾಗಿಲಿಗೆ ಅಡ್ಡ?”

ನಮ್ಮ ಮುಂಬಾಗಿಲು ಸ್ವಲ್ಪ ಮುಂಗೋಪಿ. ಯಾರಾದರೂ ಹಿತ್ತಲ ಬಾಗಿಲು ತೆಗೆದರೆ ಸಾಕು, ಧಡಾರನೆ ಬಡಿದುಕೊಳ್ಳುತ್ತದೆ. ಹಾಗೆ ಬಡಿದುಕೊಳ್ಳದಿರಲೆಂದು ಅಡ್ಡ ಇಟ್ಟಿರುವುದು ಒಂದೂವರೆ ಗೇಣುದ್ದದ, ಎಣ್ಣೆ ಜಿನುಗಿ ಜಿನುಗಿ ಕಪ್ಪಾದ ಒಂದು ಸ್ಪ್ರಿಂಗು. ನನ್ನ ಹಳೆಯ ಬೈಕಿನ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರು ಅದು. ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಶಾಕಪ್ಸರ್’. ಅದರ ಜೋಡಿ ಹಿತ್ತಲಿನಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಹಾರದಂತೆ ಅದರ ಮೇಲೆ ಮಲಗಿದೆ. ಗುಜರಿಗೆ ಹಾಕಿ ಎಂದು ನನ್ನ ಹೆಂಡತಿ ರತ್ನ ಹೇಳಿದಾಗಲೆಲ್ಲ ನಾನು “ಹಾಕೋಣ, ಹಾಕೋಣ” ಎನ್ನುತ್ತೇನೆ. ಮೂವತ್ತು ವರ್ಷ ನಮ್ಮಿಬ್ಬರನ್ನೂ ಹೊತ್ತವನ್ನು ಹಾಗೆ ಸುಮ್ಮನೆ ಹಾಕಲು ಆಗುತ್ತದೆಯೇ, ನೀವೇ ಹೇಳಿ.

ಬೈಕಿನ ಹೆಸರು ಹೇಳುವುದಿಲ್ಲ. ಕಿಕ್ಕಿಗೂ ಗೇರಿಗೂ ಒಂದೇ ಪೆಡಲ್ಲು ಇರುವ, ಇದೇ ಮೈಸೂರಿನಲ್ಲಿ ಹುಟ್ಟಿದ ಗಾಡಿ ಎಂದರೆ ನಮ್ಮೂರಿನವರಿಗೆ ಅಷ್ಟೇ ಸಾಕು. ಕಡಕೊಳದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸವಿತ್ತು. ಬೋಲ್ಟು, ನಟ್ಟು, ಬೇರಿಂಗು ಇವನ್ನೆಲ್ಲ ಎಣಿಸಿ ತೂಗಿ ಕೊಡುವ ಕೆಲಸ. ರಿಟೈರ್ ಆಗುವವರೆಗೂ ದಿನಾ ಬೋಗಾದಿಯಿಂದ ಅಲ್ಲಿಗೆ ಹೋಗಿ ಬಂದದ್ದು ಇದೇ ಗಾಡಿಯಲ್ಲಿ. ಎಣಿಕೆಯಲ್ಲಿ, ತೂಕದಲ್ಲಿ ನಾನು ತಪ್ಪಿದ್ದನ್ನು ಯಾರೂ ಕಂಡಿಲ್ಲ ಎಂಬ ಒಣಜಂಬ ನನಗೆ ಮೊನ್ನೆಮೊನ್ನೆಯವರೆಗೂ ಇತ್ತು. ಅದು ಇಳಿದ ಕಥೆಯೇ ಇದು.

ಇನ್ನೊಂದು ವಿಷಯ ಹೇಳುತ್ತೇನೆ, ನಗಬಾರದು. ನಾನೂ ರತ್ನಳೂ ಸಂಸಾರದ ಮಾತನ್ನೆಲ್ಲ ಆಡಿದ್ದು ಬೈಕಿನ ಮೇಲೆ. ಮದುವೆಯಾದ ಹೊಸತರಲ್ಲಿ ಮನೆ ತುಂಬ ಜನ. ಜಗಲಿಯಲ್ಲಿ ಅಪ್ಪ, ನಡುಮನೆಯಲ್ಲಿ ಅಮ್ಮ, ಎಲ್ಲೆಂದರಲ್ಲಿ ನನ್ನ ತಮ್ಮ ತಂಗಿಯರು. ಹಿರಿಯರ ಎದುರು ಗಂಡ ಹೆಂಡತಿ ಕೂತು ಹರಟುವುದು ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಅವಳನ್ನು ಕರೆಯಬೇಕಾದರೂ “ಏನಮ್ಮ, ಕಾಫಿ ಆಯ್ತಂತಾ?” ಎಂದು ಅಮ್ಮನ ಕಡೆ ನೋಡಿಕೊಂಡೇ ಕೇಳಬೇಕಿತ್ತು. ಸಂಜೆ ಸೊಪ್ಪು ತರುತ್ತೇವೆ ಎಂದು ಇಬ್ಬರೂ ಹೊರಟರೆ ಒಂದು ಕಟ್ಟು ದಂಟಿನ ಸೊಪ್ಪಿಗೆ ಅರ್ಧ ಮೈಸೂರು ಸುತ್ತಿ ಬರುತ್ತಿದ್ದೆವು. ಅವಳು ಹಿಂದೆ ಕೂತು ನನ್ನ ಕಿವಿಯ ಹತ್ತಿರ ಮಾತಾಡುತ್ತಿದ್ದಳು. ಮುಖ ಕಾಣುವುದಿಲ್ಲವಲ್ಲ, ಹಾಗಾಗಿ ಎಂಥ ಮಾತಾದರೂ ಸಲೀಸು. ನಮ್ಮಮ್ಮನ ಮೇಲಿನ ದೂರು, ಅವರಮ್ಮನ ಮೇಲಿನ ನನ್ನ ದೂರು, ಎಲ್ಲ ದಾರಿಯಲ್ಲೇ ಇತ್ಯರ್ಥ. ತಾನು ಬಸುರಿ ಎಂದು ಅವಳು ನನಗೆ ಹೇಳಿದ್ದು ರಾಮಸ್ವಾಮಿ ಸರ್ಕಲ್ಲಿನಲ್ಲಿ, ಪೊಲೀಸಿನವನು ಕೈ ಅಡ್ಡ ಹಿಡಿದು ನಿಲ್ಲಿಸಿದ್ದಾಗ. ಅವನು ಕೈ ಇಳಿಸಿದರೂ ನಾನು ಕ್ಲಚ್ಚು ಬಿಡದೆ ಹಾಗೇ ಕೂತಿದ್ದು, ಹಿಂದಿನ ಟಾಂಗಾದವನಿಂದ ಬೈಸಿಕೊಂಡೆ.

ಮುಂದೆ ಮನೆ ಖಾಲಿಯಾಯಿತು, ಹಿರಿಯರು ಹೋದರು, ಮಗಳು ಮದುವೆಯಾಗಿ ಕುವೆಂಪುನಗರಕ್ಕೆ ಹೋದಳು. ಮಾತಾಡಲು ಈಗ ಇಡೀ ಮನೆಯೇ ಇತ್ತು. ಆದರೆ ಅಭ್ಯಾಸ ಬಿಡಬೇಕಲ್ಲ. ಏನಾದರೂ ಮುಖ್ಯ ವಿಷಯ ಇದ್ದರೆ ರತ್ನ “ರೀ, ಹಾಗೇ ಒಂದು ರೌಂಡ್ ಹೋಗ್ಬರೋಣ್ವಾ?” ಎನ್ನುತ್ತಿದ್ದಳು.

ಶಾಕ್ ಅಬ್ಸಾರ್ಬರ್ ಎಂಬ ವಸ್ತು ಜಗತ್ತಿನಲ್ಲಿದೆ ಎಂದು ನನಗೆ ತಿಳಿದದ್ದೇ ತಡವಾಗಿ. ಬೋಗಾದಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಪ್ಪ ಬದನೆಕಾಯಿ ಬೆಳೆದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ರಜೆಯ ದಿನ ನಾನೂ ಜೊತೆಗೆ. ಹೋಗುವಾಗ ಮುಂದಿನ ಬಾರ್ ಮೇಲೆ, ಬರುವಾಗ ಹಿಂದಿನ ಕ್ಯಾರಿಯರ್ ಮೇಲೆ. ಕಾಯಿ ಹೊತ್ತ ಗೋಣಿಚೀಲವನ್ನೇ ಮಡಿಸಿ ಕ್ಯಾರಿಯರ್ ಮೇಲೆ ಹಾಸಿ ನನ್ನನ್ನು ಕೂರಿಸುತ್ತಿದ್ದರು. ಬದನೆ ತೊಟ್ಟಿನ ಮುಳ್ಳು ಅದರ ನಾರಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ರಸ್ತೆಯೋ, ಈಗಿನ ರಸ್ತೆಯಲ್ಲ. ಒಂದೊಂದು ಹಳ್ಳಕ್ಕೆ ಇಳಿದಾಗಲೂ ಚಡ್ಡಿಯೊಳಗೆ ಒಂದೊಂದು ಮುಳ್ಳು.

“ಅಪ್ಪಾ, ಚುಚ್ತದೆ.”

“ಚುಚ್ಲಿ ಬುಡ್ಲಾ. ತಿಕ ಉರೀದಿದ್ರೆ ದಾರಿ ಗ್ಯಾಪ್ಕ ಇರಾಕಿಲ್ಲ.”

ಅವರ ಮಾತು ಸುಳ್ಳಲ್ಲ. ಆ ದಾರಿಯ ಒಂದೊಂದು ಹಳ್ಳವೂ ನನಗೆ ಇವತ್ತಿಗೂ ನೆನಪಿದೆ, ಅದರ ಮೇಲೆ ಈಗ ಮೂರು ಅಂತಸ್ತಿನ ಪೀಜಿಗಳು ಎದ್ದಿದ್ದರೂ. ಆದರೆ ಆ ತತ್ವವನ್ನು ಹೆಂಡತಿಯ ಬೆನ್ನಿಗೆ ಅನ್ವಯಿಸಬಾರದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಕೆಟ್ ಎತ್ತಲು ಬಾಗಿದ ರತ್ನ ಬಾಗಿದ ಹಾಗೇ ಉಳಿದಳು. ಬೆನ್ನುಮೂಳೆಯ ಡಿಸ್ಕು ಜರುಗಿದೆ ಎಂದರು ಡಾಕ್ಟರು. ಮೂರು ವಾರ ಮಲಗಿದ್ದಲ್ಲೇ ಎಲ್ಲ. ನಮ್ಮತ್ತೆ, ಅಂದರೆ ರತ್ನಳ ತಾಯಿ, ಮಗಳು ಎದ್ದು ಓಡಾಡಿದರೆ ನಂಜನಗೂಡಿನಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತೇನೆ ಎಂದು ಹರಕೆ ಹೊತ್ತರು. ಎದ್ದಳು, ಹರಕೆಯೂ ತೀರಿತು. ಆಮೇಲೆ ವ್ಯಾಯಾಮ, ವಾಕಿಂಗು ಅಂತ ನಿಧಾನವಾಗಿ ಮೊದಲಿನಂತಾದಳು. ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: “ಎಲ್ಲಾ ಮಾಡಬಹುದಮ್ಮ. ಬೈಕಲ್ಲೂ ಕೂರಬಹುದು. ಆದರೆ ಕುಲುಕಬಾರದು.”

ಕುಲುಕದ ಬೈಕು ಯಾವುದು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದು ಸಲ ಕೂತು ನೋಡಿದಳು. ಬೀದಿಯ ಕೊನೆ ತಲುಪುವಷ್ಟರಲ್ಲಿ ನನ್ನ ಹೆಗಲು ತಟ್ಟಿ, “ನಿಲ್ಸಿ” ಎಂದಳು. ಅಂದಿನಿಂದ, “ನೀವು ಗಾಡೀಲಿ ಹೋಗ್ತಾ ಇರಿ, ನಾನು ಆಟೋದಲ್ಲಿ ಬರ್ತೀನಿ.” ಮದುವೆ ಮನೆಗೆ ನಾನೊಂದು ಕಡೆಯಿಂದ, ಅವಳೊಂದು ಕಡೆಯಿಂದ. “ಏನು, ಜಗಳವಾ?” ಎಂದು ಬೀಗರು ನಗುತ್ತಾ ಕೇಳುತ್ತಿದ್ದರು. ಡಾಕ್ಟರ ಹತ್ತಿರ ಹೋಗುವಾಗಲೂ ಅವಳ ಆಟೋ ಮುಂದೆ, ನನ್ನ ಬೈಕು ಹಿಂದೆ, ಮೆರವಣಿಗೆಯ ಹಾಗೆ.

ಕಾರು ತಗೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಅಳಿಯ ತನ್ನ ಕಾರಿನಲ್ಲೇ ನನಗೆ ಕಲಿಸಲು ಬಂದಿದ್ದ. ಎರಡನೆಯ ದಿನ ನಾನು ನಮ್ಮದೇ ಗೇಟಿಗೆ ಗುದ್ದಿ ಆ ವಿದ್ಯಾಭ್ಯಾಸ ಮುಗಿಸಿದೆ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಎದುರುಬದುರು ಕೂತು ಏನು ಮಾತಾಡಬೇಕೆಂದು ನಮಗೆ ಗೊತ್ತೇ ಇರಲಿಲ್ಲ. “ಗ್ಯಾಸ್ ಬುಕ್ ಮಾಡಿದ್ರಾ?” “ಮಾಡ್ದೆ.” “ಸಾರಿಗೆ ಉಪ್ಪು ಸರೀಗಿದ್ಯಾ?” “ಇದೆ.” ಆಮೇಲೆ ಟೀವಿ. ಒಂದು ಸಂಜೆ ಲೆಕ್ಕ ಹಾಕಿ ನೋಡಿದರೆ ಬೆಳಿಗ್ಗೆಯಿಂದ ನಾವು ಆಡಿದ್ದು ಹತ್ತು ಮಾತೂ ಇಲ್ಲ. ಸುಳ್ಳೇಕೆ ಹೇಳಲಿ, ನನಗೆ ಭಯವಾಯಿತು. ಇನ್ನು ಉಳಿದ ಆಯಸ್ಸೆಲ್ಲ ಹೀಗೇ ಆದರೆ ಏನು ಗತಿ ಎನಿಸಿತು.

ಮಾರನೆಯ ದಿನವೇ ಗಾಡಿಯನ್ನು ಉದಯಗಿರಿಯ ಸಿದ್ದರಾಜು ಹತ್ತಿರ ತೆಗೆದುಕೊಂಡು ಹೋದೆ. ಇಪ್ಪತ್ತು ವರ್ಷದಿಂದ ನನ್ನ ಗಾಡಿಗೆ ಕೈ ಹಾಕುವುದು ಅವರೊಬ್ಬರೇ. ವಿಷಯ ಕೇಳಿ ಅವರು ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದರು. ಗಾಡಿ ಕುಣಿಯಿತು, ಮತ್ತೆ ಕುಣಿಯಿತು, ಇನ್ನೂ ಎರಡು ಸಲ ಕುಣಿದು ನಿಂತಿತು.

“ಸಾರ್, ಇದ್ರಲ್ಲಿ ಎಣ್ಣೇನೇ ಇಲ್ಲ. ಬರೀ ಸ್ಪ್ರಿಂಗ್ ಮೇಲೆ ಓಡುಸ್ತಾ ಇದೀರಿ. ಅಮ್ಮಾವ್ರ ಬೆನ್ನಲ್ದೆ ಕಬ್ಬಿಣ ಆಗಿದ್ರೂ ನಿಲ್ತಿರ್ಲಿಲ್ಲ.”

“ಎಷ್ಟು ದಿನದಿಂದ ಹಿಂಗಿದೆ?”

“ಅದ್ನ ನೀವೇ ಯೋಳ್ಬೇಕು. ಆಯಿಲ್ ಹಾಕ್ಸುವಾಗ್ಲೆಲ್ಲ ನಾ ಕೇಳ್ತಿದ್ದೆ. ನನ್ಗೇನೂ ಕುಲುಕಲ್ಲ ಕಣಯ್ಯ ಅಂತಿದ್ರಿ.”

ನನಗೆ ಕುಲುಕುತ್ತಿರಲಿಲ್ಲ, ನಿಜ. ಮುಂದಿನ ಸೀಟಿನವನಿಗೆ ಕುಲುಕುವುದಿಲ್ಲ. ಹಿಂಚಕ್ರದ ಪೆಟ್ಟೆಲ್ಲ ನೇರವಾಗಿ ಹಿಂದೆ ಕೂತವರ ಬೆನ್ನಿಗೆ. ಅಷ್ಟು ವರ್ಷ ಅವಳು ಮಾತಾಡುತ್ತಾ ಮಾತಾಡುತ್ತಾ ಅದನ್ನು ನುಂಗಿಕೊಂಡಿದ್ದಾಳೆ ಎಂದು ಆ ಗ್ಯಾರೇಜಿನಲ್ಲಿ ನಿಂತಾಗ ನನಗೆ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹಳೆಯ ಜೋಡಿಯನ್ನು ರಿಪೇರಿ ಮಾಡುವುದು ಬೇಡ ಎಂದರು ಸಿದ್ದರಾಜು. ಈಗಿನ ಕಾಲದ ಬೇರೊಂದು ಬೈಕಿನ, ಪಕ್ಕಕ್ಕೆ ಪುಟ್ಟ ಡಬ್ಬಿ ಅಂಟಿಸಿಕೊಂಡಿರುವ ಗ್ಯಾಸ್ ತುಂಬಿದ ಜೋಡಿ ತಂದರು. ಪರಗಾಡಿಯ ಸಾಮಾನು ಅಷ್ಟು ಸುಲಭವಾಗಿ ನಮ್ಮದಕ್ಕೆ ಒಗ್ಗುತ್ತದೆಯೇ? ತೂತು ದೊಡ್ಡದು, ಬೋಲ್ಟು ಸಣ್ಣದು. ಲೇತಿಗೆ ಹೋಗಿ ನಡುವೆ ಕೂರುವ ಬುಷ್ಷು ಕಡೆಸಿಕೊಂಡು ಬಂದರು. ಉದ್ದ ಒಂದು ಬೆರಳು ಜಾಸ್ತಿ, ಹಾಗಾಗಿ ಗಾಡಿ ಹಿಂಬದಿ ಎತ್ತಿಕೊಂಡಿತು. ಡಬಲ್ ಸ್ಟ್ಯಾಂಡ್ ಹಾಕಿದರೆ ಚಕ್ರ ಇನ್ನೂ ನೆಲಕ್ಕೇ ತಾಗುತ್ತಿತ್ತು. ಸ್ಟ್ಯಾಂಡಿನ ಕಾಲಿಗೂ ಚೂರು ಕಬ್ಬಿಣ ಬೆಸೆದದ್ದಾಯಿತು. ಇಷ್ಟೆಲ್ಲ ಆದ ಮೇಲೆ ಕೊಕ್ಕೆಯಂಥ ಒಂದು ಸ್ಪ್ಯಾನರು ಹಿಡಿದು ಕೂತು, “ಸಾರ್, ಇಂದೆ ಕೂರೋರು ತೂಕ ಎಷ್ಟು?” ಎಂದರು.

ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲಿನ ಒಂದು ಬಳೆ ಇರುತ್ತದೆ. ಹಿಂದೆ ಭಾರ ಹೆಚ್ಚಿದ್ದರೆ ಬಿಗಿ ಮಾಡಬೇಕು, ಕಡಿಮೆಯಿದ್ದರೆ ಸಡಿಲ ಬಿಡಬೇಕು. ಅದಕ್ಕೆ ತೂಕ ತಿಳಿದಿರಬೇಕು.

ಯಾವ ಗಂಡಸಿಗೆ ಹೆಂಡತಿಯ ತೂಕ ಗೊತ್ತಿರುತ್ತದೆ? ಗೊತ್ತಿದ್ದರೂ ಬಾಯಿ ಬಿಡುವ ಧೈರ್ಯ ಯಾರಿಗಿದೆ? ಆದರೆ ನಾನು ಸಾಮಾನ್ಯ ಗಂಡನಲ್ಲ, ಸ್ಟೋರ್ಸಿನವನು. ತುಲಾಭಾರದ ದಿನ ಬೆಲ್ಲವನ್ನು ತಕ್ಕಡಿಗೆ ಹಾಕಿದವನೇ ನಾನು. ಹತ್ತು ಕೆ.ಜಿ.ಯ ಪೆಂಟೆ ಏಳು, ಒಂದೊಂದು ಕೆ.ಜಿ.ಯ ಉಂಡೆ ಆರು. ಆರನೆಯ ಉಂಡೆ ಇಟ್ಟಾಗ ತಕ್ಕಡಿ ಸರಿಯಾಗಿ ಸಮನಾಗಿ ನಿಂತದ್ದು ಕಣ್ಣಿಗೆ ಕಟ್ಟಿದಂತಿತ್ತು.

“ಎಪ್ಪತ್ತಾರು” ಎಂದೆ, ಠೀವಿಯಿಂದ.

ಸಿದ್ದರಾಜು ತಲೆಯೆತ್ತಿ ನೋಡಿದರು. “ಅಮ್ಮಾವ್ರ ನೋಡುದ್ರೆ ಅಂಗನ್ಸಲ್ವಲ್ಲಾ ಸಾರ್?”

“ನಂಜನಗೂಡಲ್ಲಿ ತಕ್ಕಡೀಲಿ ಕೂರಿಸಿ ತೂಗಿರೋದು ಕಣ್ರೀ. ತುಲಾಭಾರ!”

“ಓ, ದೇವ್ರ ತಕ್ಕಡಿನಾ? ಅಂಗಿದ್ಮೇಲೆ ನಾನ್ಯಾವನು ಬುಡಿ” ಎಂದು ಅವರು ಎರಡೂ ಕಡೆ ನಾಲ್ಕನೆಯ ಮೆಟ್ಟಿಲಿಗೆ ತಿರುಗಿಸಿ ಬಿಗಿ ಮಾಡಿದರು.

ರತ್ನಳನ್ನು ಒಪ್ಪಿಸಲು ಮೂರು ದಿನ ಬೇಕಾಯಿತು. ಪಲ್ಲಂಗದ ಮೇಲೆ ಕೂತ ಹಾಗಿರುತ್ತದೆ ಕಣೇ ಎಂದು ಆಸೆ ತೋರಿಸಿದೆ. ಸೀರೆ ಸರಿಮಾಡಿಕೊಂಡು ಕೂತಳು. ಮೊದಲನೆಯ ಹಂಪ್ಸು ಬಂತು. ಪಲ್ಲಂಗವಲ್ಲ, ಅದು ಹಲಗೆ. ಗಾಡಿ ಅವಳನ್ನು ಮೇಲಕ್ಕೆ ಎಸೆದು ಹಿಡಿಯಿತು. “ಅಮ್ಮಾ!” ಎಂದವಳ ಉಗುರು ನನ್ನ ಹೆಗಲಿಗೆ ನಾಟಿತು. ಇಳಿಸಿ, ಆಟೋ ಹತ್ತಿಸಿ, ನಾನು ಹಿಂದೆಯೇ ಬಂದೆ. ಮನೆಯಲ್ಲಿ ಬಿಸಿನೀರಿನ ಚೀಲ ಬೆನ್ನಿಗೆ ಕೊಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಸಮಾಧಾನ ಇರುತ್ತಿತ್ತು. ಬೈಯಲಿಲ್ಲ.

“ಸಾಕು ಬಿಡಿ ಇನ್ನು,” ಎಂದಳು ಮೆಲ್ಲಗೆ. “ಅದನ್ನ ಮಾರ್ಬಿಡಿ. ನಾನಂತೂ ಕೂರಲ್ಲ. ನೀವೊಬ್ರೇ ಅದ್ರಲ್ಲಿ ಹೋಗೋದು ನೋಡೋಕೆ ನಂಗಾಗಲ್ಲ.”

ನಾನು ಜಗಲಿಗೆ ಬಂದು ಕೂತೆ. ಅನ್ನ ಸೇರಲಿಲ್ಲ. ಎರಡು ದಿನ ಗಾಡಿಯ ಮುಖ ನೋಡಲಿಲ್ಲ. ಮೂರನೆಯ ದಿನ ಸಿದ್ದರಾಜುಗೆ ಫೋನ್ ಮಾಡಿ ಎಲ್ಲ ಕೋಪವನ್ನೂ ಅವರ ಮೇಲೆ ಹಾಕಿದೆ. “ನಾನು ಸರಿಯಾಗೇ ಹೇಳಿದ್ನಲ್ಲ ಕಣ್ರೀ, ಎಪ್ಪತ್ತಾರು ಕೆ.ಜಿ. ಅಂತ! ಅದ್ಕೆ ತಕ್ಕಂಗೆ ಇಡೋಕೆ ಏನಾಗಿತ್ತು ನಿಮಗೆ?”

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಸೌಟು ಹಿಡಿದುಕೊಂಡೇ ರತ್ನ ಬಾಗಿಲಿಗೆ ಬಂದಳು.

“ಯಾರ ತೂಕ ರೀ ಎಪ್ಪತ್ತಾರು?”

ನಾನು ಫೋನ್ ಇಟ್ಟೆ. “ನಿಂದು... ತುಲಾಭಾರದಲ್ಲಿ... ಏಳು ಪೆಂಟೆ, ಆರು ಉಂಡೆ...”

“ನಿಮ್ಮ ತಲೆ! ಪುಟ್ಟಿ ನನ್ನ ತೊಡೆ ಮೇಲೆ ಕೂತಿರ್ಲಿಲ್ವಾ?”

ಪುಟ್ಟಿ ಎಂದರೆ ನಮ್ಮ ಮೊಮ್ಮಗಳು. ಆಗ ಅವಳಿಗೆ ಮೂರು ವರ್ಷ. ತಕ್ಕಡಿ ಕಂಡು ಉಯ್ಯಾಲೆ ಎಂದುಕೊಂಡು, ನಾನೂ ಕೂರುತ್ತೇನೆ ಎಂದು ರಂಪ ಮಾಡಿ, ಅಜ್ಜಿಯ ತೊಡೆ ಏರಿದವಳು ಇಳಿದದ್ದು ಪೂಜೆ ಮುಗಿದ ಮೇಲೆ. ಇರಲಿ ಬಿಡಮ್ಮ, ಎರಡು ಹರಕೆ ಒಟ್ಟಿಗೆ ತೀರಿತು ಎಂದು ನಮ್ಮತ್ತೆಯೇ ಅಂದಿದ್ದರು. ಎಲ್ಲವೂ ನನ್ನ ಕಣ್ಣೆದುರೇ ನಡೆದದ್ದು. ಆದರೆ ಸ್ಟೋರ್ಸಿನವನ ತಲೆ ನೋಡಿ, ಬೆಲ್ಲ ಎಷ್ಟು ಎಂಬುದನ್ನು ಇಟ್ಟುಕೊಂಡು ತಕ್ಕಡಿಯಲ್ಲಿ ಯಾರಿದ್ದರು ಎಂಬುದನ್ನು ಬಿಟ್ಟುಬಿಟ್ಟಿತ್ತು.

ರತ್ನ ನಗಲು ಶುರುಮಾಡಿದಳು. ಬೆನ್ನು ಹಿಡಿದುಕೊಂಡು ನಕ್ಕಳು. “ಸ್ಟೋರ್ಸಲ್ಲೂ ಹಿಂಗೇ ತೂಗ್ತಿದ್ರಾ?” ಎಂದಳು. ನಗು ನಿಂತ ಮೇಲೆ, “ಆವತ್ತು ನಾನು ಅರವತ್ತೆರಡೋ ಏನೋ. ಈಗ ಐವತ್ತೇಳು,” ಎಂದಳು.

“ಯಾವಾಗ ಇಳೀತು?”

“ಯಾವಾಗ ಅಂದ್ರೆ? ಡಾಕ್ಟ್ರು ಪ್ರತಿ ಸಲಾನೂ ತೂಕ ನೋಡ್ತಾರೆ. ನೀವು ಹೊರಗೆ ಗಾಡಿ ಹತ್ರ ನಿಂತಿರ್ತೀರಿ. ನಿಮಗೆ ಹೇಗೆ ಗೊತ್ತಾಗ್ಬೇಕು?”

ಅವಳು ಚುಚ್ಚಲೆಂದು ಹೇಳಿದ ಮಾತಲ್ಲ. ಆದರೂ ಚುಚ್ಚಿತು. ಬೈಕಿನ ಯಾವ ಬೋಲ್ಟು ಎಷ್ಟು ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಿಗೆ ಪಕ್ಕದಲ್ಲಿರುವವಳು ಐದು ಕೆ.ಜಿ. ಇಳಿದದ್ದು ಕಾಣಲಿಲ್ಲ. ರವಿಕೆಯನ್ನೆಲ್ಲ ಅವಳು ಒಳಗೆ ಹಿಡಿದು ಹೊಲಿದುಕೊಂಡಿದ್ದಳು ಎಂಬುದೂ ಆಮೇಲೆ ತಿಳಿಯಿತು. ಅವಳೇ ಹತ್ತಿರ ಬಂದು, “ಬೆನ್ನು ಸ್ವಲ್ಪ ಸರಿಯಾಗ್ಲಿ. ಇನ್ನೊಂದೇ ಸಲ ನೋಡ್ತೀನಿ. ಈ ಸಲ ತೂಕ ನಾನೇ ಬಂದು ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ” ಎಂದಳು.

ಹತ್ತು ದಿನದ ಮೇಲೆ ಅವಳು ಆಟೋದಲ್ಲಿ, ನಾನು ಗಾಡಿಯಲ್ಲಿ ಉದಯಗಿರಿಗೆ ಹೋದೆವು. ಪುಟ್ಟಿಯ ವಿಷಯ ಕೇಳಿ ಸಿದ್ದರಾಜು ನೆಲದ ಮೇಲೆ ಕೂತು ನಕ್ಕರು. ಆಮೇಲೆ ನನ್ನನ್ನು ಮುಂದೆ, ಅವಳನ್ನು ಹಿಂದೆ ಕೂರಿಸಿ, ತಾವು ಕುಕ್ಕರಗಾಲಲ್ಲಿ ಕೂತು ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಬೆರಳಿಟ್ಟು ಅಳೆದರು.

“ಇಬ್ರೂ ಕೂತ್ರೆ ಎಲ್ಡು ಬೆರಳು ಇಳೀಬೇಕು ಅಮ್ಮಾವ್ರೇ. ಈಗ ಒಂದೂ ಇಳೀತಿಲ್ಲ. ಮೊದ್ಲೇ ನಿಮ್ಮನ್ನ ಕರ್ಸಿ ಕೂರುಸ್ಬೇಕಿತ್ತು. ಸಾರು ದೇವ್ರ ಲೆಕ್ಕ ಯೋಳ್ಬುಟ್ರು, ನಾನೂ ಸುಮ್ಗಾಗ್ಬುಟ್ಟೆ.”

“ದೇವ್ರ ಲೆಕ್ಕ ಸರಿಯಾಗೇ ಇತ್ತು ಕಣಪ್ಪ,” ಎಂದಳು ರತ್ನ. “ಇವರದ್ದೇ ತಪ್ಪಿದ್ದು.”

ಅವರು ಒಂದು ಮೆಟ್ಟಿಲು ಇಳಿಸಿ ಕೂರಿಸಿದರು, ಅಳೆದರು. ಇನ್ನೊಂದು ಇಳಿಸಿದರು, ಅಳೆದರು. ಎರಡನೆಯ ಮೆಟ್ಟಿಲಿಗೆ ಬಂದಾಗ ಗಾಡಿ ಉಸಿರು ಬಿಟ್ಟ ಹಾಗೆ ಮೆತ್ತಗೆ ಕುಸಿಯಿತು. “ಹ್ಞಾ, ಈಗ ಓಗಿ” ಎಂದರು.

ಉದಯಗಿರಿಯಿಂದ ಬೋಗಾದಿಗೆ ಬರಬೇಕೆಂದರೆ ಊರನ್ನು ಅಡ್ಡ ಸೀಳಿಕೊಂಡೇ ಬರಬೇಕು. ದಾರಿಯಲ್ಲಿ ಎಷ್ಟು ಹಂಪ್ಸುಗಳಿವೆ ಎಂದು ನಾನು ಅವತ್ತು ತಿಳಿದೆ. ಮೊದಲನೆಯದು ಬಂದಾಗ ಹೆಗಲನ್ನು ಗಟ್ಟಿ ಮಾಡಿಕೊಂಡೆ, ಉಗುರು ನಾಟೀತು ಎಂದು. ಗಾಡಿ ಏರಿತು, ಇಳಿಯಿತು. ಉಗುರು ನಾಟಲಿಲ್ಲ. ಹಿಂದಿನಿಂದ ಸದ್ದೂ ಇಲ್ಲ. ನೋವನ್ನು ನುಂಗಿಕೊಂಡಿದ್ದಾಳೋ ಏನೋ ಎಂದು ಇನ್ನೂ ಹೆದರಿಕೆ. ಕೇಳಲು ಧೈರ್ಯವಿಲ್ಲ. ಎರಡನೆಯದು, ಮೂರನೆಯದು. ಸೈಕಲ್ಲಿನವರೂ ನನ್ನನ್ನು ದಾಟಿ ಹೋಗುತ್ತಿದ್ದರು.

ಊರ ನಡುವೆ ಎಲ್ಲೋ ಅವಳು ಮಾತು ಶುರುಮಾಡಿದಳು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು, ಹಾಗಾಗಿ ಗಂಟಲೆತ್ತರಿಸಿಯೇ ಮಾತಾಡುತ್ತಿದ್ದಳು. ಅವಳ ಅಕ್ಕನ ಮನೆಯ ವಿಷಯವೇನೋ ಇತ್ತು, ನಡುವೆ ಯಾರದ್ದೋ ಬಳೆ, ಪಕ್ಕದ ಮನೆಯ ಬಾಡಿಗೆ ಹುಡುಗಿಯರು, ಪುಟ್ಟಿಯ ಶಾಲೆ. ಎರಡು ವರ್ಷದ ಮಾತು ಒಟ್ಟಿಗೆ ಬರುತ್ತಿತ್ತು. ನಾನು ಕೇಳುತ್ತಿದ್ದೆ, ಆದರೆ ಮಾತನ್ನಲ್ಲ. ಹಂಪ್ಸಿನ ಮೇಲೆ ಅದು ನಿಲ್ಲುತ್ತದೆಯೋ ಎಂದು ಕೇಳುತ್ತಿದ್ದೆ. ಕಲಾಮಂದಿರ ದಾಟಿದ ಮೇಲೆ ಒಂದು ದೊಡ್ಡದು ಬಂತು, ಬಿಳಿ ಬಣ್ಣವೂ ಇಲ್ಲದ್ದು, ನಾನು ನೋಡುವಷ್ಟರಲ್ಲಿ ಚಕ್ರ ಅದರ ಮೇಲಿತ್ತು. ಉಸಿರು ಹಿಡಿದೆ. ಹಿಂಚಕ್ರ ಹತ್ತಿ ಇಳಿಯಿತು. “...ಅದಕ್ಕೇ ನಾನು ಅಕ್ಕಂಗೆ ಕಡ್ಡಿ ಮುರಿದಂಗೆ ಹೇಳ್ಬಿಟ್ಟೆ...” ಎಂದು ಅವಳ ಮಾತು ಎಲ್ಲಿಯೂ ತುಂಡಾಗದೆ ಸಾಗಿತ್ತು. ಹಂಪ್ಸು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

ನನಗೆ ಎಷ್ಟು ಹಗುರವಾಯಿತೆಂದರೆ, ಹೆಲ್ಮೆಟ್ಟಿನೊಳಗೆ ಕಣ್ಣು ಮಂಜಾಗಿ, ಗಾಜನ್ನು ಮೇಲೆತ್ತಬೇಕಾಯಿತು.

“ರೀ, ಕೇಳಿಸ್ತಾ ಇದ್ಯಾ?”

“ಹ್ಞೂಂ, ಹ್ಞೂಂ.”

“ಹಾಗಾದ್ರೆ ಅಕ್ಕಂಗೆ ನಾನೇನು ಹೇಳ್ದೆ, ಹೇಳಿ ನೋಡೋಣ?”

ನಾನು ಹಾರ್ನ್ ಒತ್ತಿದೆ. ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು.

“ಇನ್ನೊಂದ್ಸಲ ಹೇಳೇ,” ಎಂದೆ. “ಮೊದಲಿಂದ ಹೇಳು.”

ಮೊದಲಿನಿಂದ ಹೇಳಲು ಶುರುಮಾಡಿದಳು. ನಮ್ಮ ಬೀದಿಯ ತಿರುವು ಬಂತು. ನಾನು ನೇರ ಹೋದೆ.

“ಅಯ್ಯೋ, ಮನೆ ಹಿಂದೆ ಹೋಯ್ತಲ್ರೀ!”

“ಹೋಗ್ಲಿ ಬಿಡು. ನೀನು ಹೇಳು.”